ಸುಮ್ಮನ ಜಳಕ

ನಮ್ಮ ಊರಿನಲ್ಲಿ ಜಳಕ ಮಾಡುವಾಗ ಕಿವಿಗೆ ಬಿದ್ದದ್ದು ಮುಂದಿನ ಜಳಕದವರೆಗೆ ಮೈ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಬೆಳಗಿನ ಹೊತ್ತು ಓಣಿಗಳಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಕಾಯಿಪಲ್ಲೆ ಮಾರುವವರು ಬಿಸಿಲು ಏರುವತನಕ ಕೂಗದೆ, ಬಾಗಿಲು ಬಾಗಿಲಿಗೆ ಬಂದು ಬುಟ್ಟಿ ತೋರಿಸುತ್ತಾರೆ. ಹಾಲಿನವನು ಸೈಕಲ್ಲಿನ ಗಂಟೆಗೆ ಅರಿವೆ ಸುತ್ತಿಕೊಂಡಿರುತ್ತಾನೆ. ಒಮ್ಮೆ ಹಿಂದಿನ ಓಣಿಯ ದರ್ಜಿ ತಲೆಗೆ ನೀರು ಹಾಕಿಕೊಳ್ಳುವಾಗ ಗೋಡೆಯಾಚೆ ಇಬ್ಬರು ನಳದ ಸರತಿಗಾಗಿ ಜಗಳಾಡಿಬಿಟ್ಟರು. ಆ ದಿನ ಅವನು ಹೊಲಿದ ಯಾವ ಅಂಗಿಯ ಎರಡು ತೋಳುಗಳೂ ಒಂದಕ್ಕೊಂದು ಹೊಂದಲಿಲ್ಲ. ಅಳತೆ ಕೊಡಲು ಬಂದವರ ಮೇಲೆಲ್ಲ ಹರಿಹಾಯ್ದ. ಮರುದಿನ ತಂಬೂರಿ ಪದ ಕೇಳುತ್ತ ಜಳಕ ಮಾಡಿ, ಮನೆಮನೆಗೆ ಹೋಗಿ ತಪ್ಪಾಯಿತು ಅಂದ. ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಎಲ್ಲರಿಗೂ ಅಂಥದ್ದೊಂದು ದಿನ ಬಂದೇ ಇರುತ್ತದೆ.

ಪ್ರತಿ ಮನೆಯ ಬಚ್ಚಲಿನ ಗೋಡೆಯಲ್ಲಿ ಒಂದು ಗೂಡು ಇದೆ. ಅದರಲ್ಲಿ ನೀರು ಸಿಡಿಯದಂತೆ ಪ್ಲಾಸ್ಟಿಕ್ ಹೊದಿಸಿದ ಟೇಪ್ ರೆಕಾರ್ಡರ್ ಇರುತ್ತದೆ. ಬಸ್ ನಿಲ್ದಾಣದ ಪಕ್ಕದಲ್ಲಿ ಖಾಜಾಬಿಯ ಅಂಗಡಿ; ಅಲ್ಲಿ ಕ್ಯಾಸೆಟ್ಟುಗಳನ್ನು ಬಾಡಿಗೆಗೆ ಕೊಡುತ್ತಾರೆ. ಪರೀಕ್ಷೆಯ ಕಾಲಕ್ಕೆ ಮಕ್ಕಳ ತಾಯಂದಿರು, ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರೆ ಹೆಣ್ಣಿನ ಕಡೆಯವರು, ಎಲ್ಲರೂ ಅಲ್ಲಿ ನಿಂತು ಹುಡುಕುವವರೇ. ಹೆಚ್ಚಿನವರಿಗೆ ಬೇಕಾಗುವುದು ಮಾತ್ರ ಒಂದೇ, ಮನಸ್ಸು ಹಗುರಾಗುವಂಥದ್ದು. ಏನೂ ಕೇಳದೆ ಮಾಡುವ ಜಳಕಕ್ಕೆ ನಾವು ಸುಮ್ಮನ ಜಳಕ ಅನ್ನುತ್ತೇವೆ. ಅದನ್ನು ಮಾಡಿದವರು ತಾವು ಹೇಗಿದ್ದಾರೋ ಹಾಗೆಯೇ ಹೊರಗೆ ಬರುತ್ತಾರೆ. ಸಾವಾದ ಮನೆಯಲ್ಲಿ ಮಣ್ಣು ಮಾಡಿ ಬಂದ ದಿನ ಎಲ್ಲರೂ ಸುಮ್ಮನ ಜಳಕ ಮಾಡಬೇಕು ಎಂಬುದು ರೂಢಿ. ಉಳಿದ ದಿನಗಳಲ್ಲಿ ಅದನ್ನು ತಾವಾಗಿ ಬಯಸುವವರು ಕಡಿಮೆ.

ಲಗಮಣ್ಣ ನನ್ನ ತಮ್ಮ. ಅವ್ವ ಅಪ್ಪ ಹೋದ ಮೇಲೆ ಅವನನ್ನು ಬೆಳೆಸಿದವಳು ನಾನು. ಮದುವೆಯಾಗಿ ಗಂಡನ ಮನೆಗೆ ಬರುವಾಗ ನನ್ನ ಜೊತೆ ಬಂದದ್ದು ಒಂದು ಟ್ರಂಕು ಮತ್ತು ಅವನು. ನನ್ನ ಗಂಡ ಯಮನೂರಪ್ಪ ಗಾರೆ ಕೆಲಸದವರು. ಹೆಂಡತಿಯ ತಮ್ಮ ಬಂದು ಮನೆಯಲ್ಲಿ ಕೂತ ಅಂತ ಒಂದು ದಿನವೂ ಮುಖ ಗಂಟು ಹಾಕಿದವರಲ್ಲ. ಲಗಮಣ್ಣ ದೊಡ್ಡವನಾಗಿ ಅವರ ಜೊತೆಗೇ ಕೆಲಸಕ್ಕೆ ಹೋಗತೊಡಗಿದ. ಅವರನ್ನು ಅವನು ಮಾಮಾ ಅನ್ನುತ್ತಿದ್ದ. ಭಾವ ಮೈದುನ ಇಬ್ಬರೂ ಒಂದೇ ಬುತ್ತಿಯಲ್ಲಿ ಉಣ್ಣುತ್ತಿದ್ದರು, ಒಂದೇ ಬೀಡಿಯನ್ನು ಅರ್ಧರ್ಧ ಸೇದುತ್ತಿದ್ದರು, ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು. ಲಗಮಣ್ಣ ಜಳಕಕ್ಕೆ ಯಾವಾಗಲೂ ಡೊಳ್ಳಿನ ಪದ ಹಚ್ಚುತ್ತಿದ್ದ. ಇಡೀ ದಿನ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಊರಿನ ಹೊಸ ನೀರಿನ ಟ್ಯಾಂಕಿಗೆ ಸಿಮೆಂಟಿನ ಗಿಲಾವು ಮಾಡುತ್ತಿದ್ದಾಗ ನಿಂತಿದ್ದ ಸಾರುವೆಯ ಬೊಂಬು ಮುರಿದು ಅವನು ಮೇಲಿನಿಂದ ಬಿದ್ದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಹೊತ್ತಿನದು ನನಗೆ ಅಷ್ಟಿಷ್ಟು ನೆನಪಿದೆ. ನಾನು ಬಾವಿಯ ಕಡೆ ಓಡಿದೆನಂತೆ, ಓಣಿಯ ಹೆಂಗಸರು ಹಿಡಿದು ತಂದರಂತೆ. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಸುಮ್ಮನ ಜಳಕ ಮಾಡಿದರು. ನನ್ನ ಸರತಿ ಬಂದಾಗ ಒಳಗೆ ಹೋದೆ. ಗೂಡಿನಲ್ಲಿ ಟೇಪು ಮೆಲ್ಲಗೆ ತಿರುಗುತ್ತಿತ್ತು. ಕೊಳಲು. ಯಾವ ಅವಸರವೂ ಇಲ್ಲದ, ಎತ್ತಿನ ಬಂಡಿ ಇಳಿಜಾರಿನಲ್ಲಿ ತಾನಾಗಿಯೇ ಹೋಗುವಂಥ ಕೊಳಲು. ಅದನ್ನು ಹಚ್ಚಿಟ್ಟವರು ಯಾರು ಎಂದು ನನಗೆ ಗೊತ್ತಿತ್ತು. ಬಂದ್ ಮಾಡಲು ಕೈ ಎತ್ತುವ ಶಕ್ತಿ ಇರಲಿಲ್ಲ. ತಲೆಯ ಮೇಲೆ ನೀರು ಸುರುವಿಕೊಂಡೆ. ಹೊರಗೆ ಬಂದಾಗ ನನಗೆ ಹಸಿವಾಗಿತ್ತು.

ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಜಳಕಕ್ಕೆ ಯಮನೂರಪ್ಪನವರೇ ಕ್ಯಾಸೆಟ್ಟು ಹಾಕಿಡುತ್ತಿದ್ದರು. ಕೊಳಲು ಹಳತಾದರೆ ವೀಣೆ, ವೀಣೆ ಸಾಕಾದರೆ ಜೋಗುಳ. ಕೆಲಸದಿಂದ ಬರುವಾಗ ಖಾಜಾಬಿಯ ಅಂಗಡಿಯಲ್ಲಿ ನಿಂತು, ಗಾರೆ ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಒಂದೊಂದನ್ನೂ ಕಿವಿಗೆ ಹಿಡಿದು ಆರಿಸುತ್ತಿದ್ದರಂತೆ. ನಡುವೆ ಒಮ್ಮೆಲೇ ಜೋರಾಗುವಂಥದ್ದು ಇದ್ದರೆ ವಾಪಸ್ ಇಡುತ್ತಿದ್ದರಂತೆ.

ನಾನು ಅಡಿಗೆ ಮಾಡಿದೆ, ಹಪ್ಪಳ ಒಣಗಿಸಿದೆ, ಪಕ್ಕದ ಮನೆಯ ಸೀಮಂತದಲ್ಲಿ ಆರತಿ ಎತ್ತಿದೆ. ಲಗಮಣ್ಣನ ಅಂಗಿಗಳನ್ನು ಒಗೆದು, ಮಡಿಚಿ, ಬೇಕಾದವರಿಗೆ ಕೊಟ್ಟೆ. ಕಸ್ತೂರಿಯದು ಗಟ್ಟಿ ಜೀವ ಎಂದು ಓಣಿಯವರು ನನ್ನ ಬಗ್ಗೆ ಹೇಳಿದರು. ದುಃಖ ಇರಲಿಲ್ಲವೆಂದಲ್ಲ. ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿದ್ದರೆ ಗೋಡೆಯ ಮೂಲಕ ಕೇಳುತ್ತದಲ್ಲ, ಹಾಗಿತ್ತು. ಅಯ್ಯೋ ಪಾಪ ಅನ್ನಿಸುತ್ತಿತ್ತು, ಎದ್ದು ಹೋಗಿ ನೋಡಬೇಕು ಅನ್ನಿಸುತ್ತಿರಲಿಲ್ಲ. ವರ್ಷ ಹೀಗೆಯೇ ತಿರುಗಿ ಬಂತು.

ಒಂದು ಮಧ್ಯಾಹ್ನ ಮಹಾನಂದಾ ಬಂದಳು. ಲಗಮಣ್ಣನಿಗೆ ಎಂದು ನಾವು ಮಾತಾಡಿಟ್ಟಿದ್ದ ಹುಡುಗಿ. ನಿಶ್ಚಯ ಆಗಿರಲಿಲ್ಲ, ಆದರೆ ಇಬ್ಬರ ಮನಸ್ಸಿನಲ್ಲಿ ಆಗಿಹೋಗಿತ್ತು. ಹೊಸ್ತಿಲಿನ ಹೊರಗೇ ನಿಂತಳು. ಕಣ್ಣು ಊದಿಕೊಂಡಿದ್ದವು.

"ಅಕ್ಕಾ, ನಮ್ಮ ಮನ್ಯಾಗ ನನ್ನ ಲಗ್ನ ಮಾಡಾಕತ್ತಾರ. ನಾ ಒಪ್ಪೀನಿ. ನೀ ಬೈದ್ರ ಬೈಸ್ಕೋಬೇಕಂತ ಬಂದೀನಿ" ಅಂದಳು.

ನಾನು ಅವಳನ್ನು ಒಳಗೆ ಕರೆದು ಕೂರಿಸಿದೆ. ಚಹಾ ಮಾಡಿದೆ. ಹುಡುಗ ಏನು ಮಾಡುತ್ತಾನೆ, ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಕೇಳಿದೆ. ಒಳ್ಳೆ ಮನೆತನ, ಚಲೋ ಆಯಿತು ಅಂದೆ. ಸೀರೆ ಎಂಥದ್ದು ತೆಗೆದರು ಎಂದೂ ಕೇಳಿದೆ. ಅವಳು ಚಹಾದ ಬಟ್ಟಲು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಬಂದದ್ದು ಸಮಾಧಾನ ಅಲ್ಲ, ಹೆದರಿಕೆ.

"ಅಕ್ಕಾ, ನಿನಗ ಅಂವ ನೆನಪಾಗಂಗಿಲ್ಲೇನು?"

"ಆಗ್ತಾನ" ಅಂದೆ. "ಚಹಾ ಆರತೈತಿ, ಕುಡಿ."

ಅವಳು ಬಟ್ಟಲನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು. ನಾನು ಅವಳ ಚಹಾವನ್ನು ಚೆಲ್ಲಿ ಬಟ್ಟಲು ತೊಳೆದೆ. ತೊಳೆಯುತ್ತಿದ್ದಾಗ ಅವನ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಬಂತು. ಬಂದು, ಗೋಡೆಗೆ ತೂಗುಹಾಕಿದ ಪಟದ ಹಾಗೆ ಸುಮ್ಮನೆ ನಿಂತಿತು. ಆ ಹುಡುಗಿ ಹೆದರಿದ್ದು ಯಾತಕ್ಕೆ ಎಂದು ಆಗ ತಿಳಿಯಿತು. ತಿಳಿದರೂ ಎದೆಯಲ್ಲಿ ಏನೂ ಅಲುಗಲಿಲ್ಲ.

ಮರುದಿನ ಬೆಳಿಗ್ಗೆ ಗೂಡಿನಲ್ಲಿ ಜೋಗುಳ ಶುರುವಾಗಿತ್ತು. ನಾನು ಕೈ ಒರೆಸಿಕೊಂಡು ಟೇಪನ್ನು ಬಂದ್ ಮಾಡಿದೆ. ಗುಂಡಿ ಟಕ್ ಎಂದದ್ದು ಬಿಟ್ಟರೆ ಬಚ್ಚಲಲ್ಲಿ ನೀರಿನದೇ ಸದ್ದು. ಮೊದಲ ತಂಬಿಗೆಗೆ ಏನೂ ಆಗಲಿಲ್ಲ. ಮೈ ಒರೆಸಿಕೊಳ್ಳುವಾಗ ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ವರ್ಷದ ಒಂದೊಂದು ದಿನವೂ ಬಂದು ಕುತ್ತಿಗೆಗೆ ಬಿದ್ದಂತಾಯಿತು. ನನ್ನ ಬಾಯಿಂದ ಹೊರಟ ದನಿ ನನ್ನದೆಂದು ನನಗೇ ಗುರುತು ಹತ್ತಲಿಲ್ಲ. ಓಣಿಯಲ್ಲಿ ಜಳಕ ಮಾಡುತ್ತಿದ್ದವರೆಲ್ಲ ಕಿವಿ ಮುಚ್ಚಿಕೊಂಡು ಹೊರಗೆ ಬಂದರಂತೆ. ಯಾರೋ ಹೋಗಿ ಯಮನೂರಪ್ಪನವರನ್ನು ಕೆಲಸದಿಂದ ಕರೆತಂದರು.

ಅವರು ಬಂದು ನನ್ನನ್ನು ಎಬ್ಬಿಸಿ, ಪಡಸಾಲೆಯಲ್ಲಿ ಕೂರಿಸಿ, ನೀರು ಕುಡಿಸಿದರು. "ಯಾಕ ಬಂದ್ ಮಾಡಿದಿ? ಚಂದಂಗೆ ನಡದಿತ್ತಲ್ಲ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಯಾರನ್ನ ಕೇಳಿ ನನಗ ಹಾಡು ಹಚ್ಚಿದ್ರಿ? ಮಣ್ಣ ಮಾಡಿ ಬಂದ ದಿನಾ?"

"ನೀ ಬಾವಿಗೆ ಹೊಂಟಿದ್ದಿ."

ಬಹಳ ಹೊತ್ತು ಅತ್ತೆ. ಅಳುತ್ತಲೇ ಅವರನ್ನು ನೋಡಿದೆ. ವರ್ಷದಿಂದ ಅದೇ ಮನೆಯಲ್ಲಿದ್ದರೂ ಅವರನ್ನು ನೋಡಿರಲಿಲ್ಲ ಅನ್ನಿಸಿತು. ಕೊರಳಿನ ಎಲುಬು ಮೇಲೆದ್ದಿತ್ತು. ನೀರಿನ ಲೋಟ ಹಿಡಿದ ಕೈ ಸೊರಗಿತ್ತು. ಅವರು ನನಗಿಂತ ಮೊದಲು ಎದ್ದು ಜಳಕ ಮುಗಿಸುತ್ತಿದ್ದರು. ಅವರ ಜಳಕದ ಹೊತ್ತಿನಲ್ಲಿ ಟೇಪಿನ ಸದ್ದು ನಾನು ಎಂದೂ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು.

"ನೀವು ಏನ್ ಕೇಳ್ತೀರಿ?"

"ಏನೂ ಇಲ್ಲ."

"ಒಂದ್ ದಿನಾನೂ?"

ಅವರು ಲೋಟವನ್ನು ಕೆಳಗಿಟ್ಟರು. "ಇಬ್ಬರೂ ಹಗುರಾಗಿಬಿಟ್ರ, ಅಂವನ್ನ ಯಾರ ನೆನಸಬೇಕು?" ಅಂದರು. ಆಮೇಲೆ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದೇನೆ ಎಂದು ಎದ್ದು ಹೋದರು.

ಅಂದಿನಿಂದ ನಾನು ಸುಮ್ಮನ ಜಳಕವನ್ನೇ ಮಾಡತೊಡಗಿದೆ. ಕಷ್ಟವಾಗುತ್ತಿತ್ತು. ರೊಟ್ಟಿ ಬಡಿಯುತ್ತಿದ್ದರೆ ಇದ್ದಕ್ಕಿದ್ದಂತೆ ಹಂಚಿನ ಮೇಲಿನದು ಕರಕಾಗುವವರೆಗೆ ನಿಂತುಬಿಡುತ್ತಿದ್ದೆ. ಮಹಾನಂದಾಳ ಮನೆಗೆ ಹೋಗಿ ಅವಳನ್ನು ತಬ್ಬಿಕೊಂಡು ಅತ್ತು ಬಂದೆ. ಅವಳು ಅಳುತ್ತಲೇ ನನ್ನ ಬೆನ್ನು ಸವರಿದಳು, ಅವಳಿಗೂ ಅದು ಬೇಕಾಗಿತ್ತು. ನನಗೆ ಅಳು ಬರುತ್ತಿತ್ತು, ಹೋಗುತ್ತಿತ್ತು. ಬಂದುಹೋದ ಮೇಲೆ ಹಸಿವಾಗುತ್ತಿತ್ತು. ಅದು ಕೊಳಲಿನ ಹಸಿವಲ್ಲ, ನನ್ನದೇ ಹಸಿವು. ಯಮನೂರಪ್ಪನವರಿಗೆ ಮಾತ್ರ ಅಳುವೂ ಬರಲಿಲ್ಲ, ಹಸಿವೂ ಆಗಲಿಲ್ಲ. ಅವರು ಈಗ ಸಾರುವೆ ಏರುವುದಿಲ್ಲ, ಕೆಳಗೆ ಗಾರೆ ಕಲಸುವುದನ್ನಷ್ಟೇ ಮಾಡುತ್ತಾರೆ ಎಂದು ಜೊತೆಯವನೊಬ್ಬನ ಹೆಂಡತಿ ಹೇಳಿದಳು. ಊರಿನಲ್ಲಿ ಅವರಷ್ಟು ನುಣುಪಾಗಿ ಗಿಲಾವು ಎಳೆಯುವವರು ಇನ್ನೊಬ್ಬರಿರಲಿಲ್ಲ.

ಈಗ ನನ್ನ ಸರತಿ ಎಂದುಕೊಂಡೆ. "ಇನ್ನ ನಾ ನೆನಸ್ತೀನಿ. ನೀವು ಸ್ವಲ್ಪ ದಿನಾ ಹಾಡು ಕೇಳ್ರಿ" ಅಂದೆ. ಅವರು ಬೇಡ ಅಂದರು. ನಾನು ಬಿಡಲಿಲ್ಲ. ಖಾಜಾಬಿಯ ಅಂಗಡಿಗೆ ಹೋದೆ. ಆಕೆ ಕನ್ನಡಕದ ಮೇಲಿನಿಂದ ನೋಡಿ, "ಎಂಥಾದ್ದು ಬೇಕವಾ? ನಿದ್ದಿ ಬರೂದೋ, ಸಿಟ್ಟ ಇಳಿಯೂದೋ, ಮರೆಸೂದೋ?" ಎಂದು ಕೇಳಿದಳು.

"ಮರೆಸೂದು ಬ್ಯಾಡ. ಆರಾಮ ಆಗಬೇಕು, ಅಷ್ಟ."

"ಆರಾಮ ಅಂದ್ರ ಏನಂತ ತಿಳದಿ?" ಅಂದಳು. ಕೊನೆಗೆ ನನಗೆ ಗೊತ್ತಿದ್ದ ಅದೇ ಕೊಳಲನ್ನು ತೆಗೆದುಕೊಂಡು ಬಂದೆ.

ಕೊಳಲು ಕೇಳಿದ ದಿನ ಅವರು ಹಣೆಯ ಗೆರೆಗಳೆಲ್ಲ ಅಳಿಸಿಹೋದವರಂತೆ ಕೆಲಸಕ್ಕೆ ಹೋದರು. ಮೇಸ್ತ್ರಿ ಏನು ಹೇಳಿದರೂ ಹೂಂ ಅನ್ನುತ್ತ ನೆರಳಿನಲ್ಲಿ ಕೂತಿದ್ದರಂತೆ. ಸಂಜೆ ಚೆನ್ನಾಗಿ ಉಂಡು ಮಲಗಿದರು. ನನಗೆ ಸಂತೋಷವಾಗಿತ್ತು. ಮರುದಿನ ನಾನು ಏಳುವ ಮೊದಲೇ ಸುಮ್ಮನ ಜಳಕ ಮಾಡಿ ಪಡಸಾಲೆಯಲ್ಲಿ ಕೂತಿದ್ದರು. ಮುಖ ಬೂದಿಯಾಗಿತ್ತು.

"ನಿನ್ನೆ ಟ್ಯಾಂಕಿನ ಬುಡಕ ಕುಂತು ಚುರಮರಿ ತಿಂದೆ" ಅಂದರು. "ಅಂವ ಬಿದ್ದ ಜಾಗಾದಾಗ. ಗಾಳಿ ಚಲೋ ಬೀಸತೈತಿ ಅಂತ ಅಲ್ಲೇ ಕುಂತೆ, ಕಸ್ತೂರಿ."

ಕೆಲವು ದಿನ ಬಿಟ್ಟು ಸನಾದಿ ತಂದೆ. ಮದುವೆಯ ಸನಾದಿ, ನಗು ಬರಿಸುವಂಥದ್ದು. ಆ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊರೆಲ್ಲ ತಿರುಗಿದರು. ಮಾತು ಬಿಟ್ಟಿದ್ದ ದೊಡ್ಡಪ್ಪನ ಮನೆಗೂ ಹೋಗಿ ಉಂಡು ಬಂದರು. ಯಾರದೋ ಮಗಳಿಗೆ ವರ ಹುಡುಕಿ ಕೊಡುತ್ತೇನೆಂದು ಮಾತು ಕೊಟ್ಟರು. ಬರುವಾಗ ನನಗೆ ದುಂಡುಮಲ್ಲಿಗೆ ತಂದಿದ್ದರು. ಅದನ್ನು ಮುಡಿದುಕೊಳ್ಳುವಾಗ ನನಗೆ ಅಳು ಬಂತು. ಆ ಮನುಷ್ಯ ನನಗೆ ಗೊತ್ತಿದ್ದವರೇ, ಮೊದಲು ಹೀಗೆಯೇ ಇದ್ದರು. ಮರುದಿನ ಬೆಳಿಗ್ಗೆ ಅವರು ಕ್ಯಾಸೆಟ್ಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಬ್ಯಾಡ. ಇದನ್ನ ಕೇಳಿದ ದಿನಾ ಅಂವನ್ನ ಹಾದ್ಯಾಗ ಬಿಟ್ಟು ಬಂದಂಗ ಆಗತೈತಿ."

ಕ್ಯಾಸೆಟ್ಟು ವಾಪಸ್ ಕೊಡಲು ಹೋದಾಗ ಖಾಜಾಬಿಗೆ ಎಲ್ಲ ಹೇಳಿದೆ. ಆಕೆ ಅಂಗಡಿಯ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು.

"ಚಲೋ ಹಾಡಿದವ್ರದ್ದೆಲ್ಲ ಹಿಂಗ ನೋಡವಾ" ಅಂದಳು. "ಕೈ ಹಿಡದು ಕರ್ಕೊಂಡು ಹೊಕ್ಕಾರ. ನಡುವ ನಿಂದ್ರಾಕ ಬಿಡಂಗಿಲ್ಲ. ನಮ್ಮವರು ತೀರಿದಾಗ ನಂದೂ ಹಿಂಗ ಆಗಿತ್ತು. ಅಂಗಡಿ ತುಂಬ ಹಾಡು, ನನಗ ಬೇಕಾದ್ದು ಒಂದೂ ಇರಲಿಲ್ಲ."

"ಮತ್ತ ಏನ್ ಮಾಡಿದ್ರಿ?"

"ಏನ್ ಮಾಡ್ಲಿ, ದಿನಾ ಹೋದ್ವು" ಅಂದಳು. ದುಡ್ಡಿನ ಗಲ್ಲೆಯ ಮೇಲಿನ ಧೂಳು ಒರೆಸಿ, "ಕೆಟ್ಟದಾಗಿ ಹಾಡಿದ್ದು ಯಾರರೆ ಇದ್ರ ಕೇಳಿಸಿ ನೋಡು. ನನ್ನ ಹತ್ರ ಇಲ್ಲ. ಇಟ್ಟರ ಯಾರ ಒಯ್ತಾರ?" ಅಂದಳು. ಹೇಳಿ ನಕ್ಕಳು, ಅದು ಪೂರ್ತಿ ಚೇಷ್ಟೆ ಅಲ್ಲ ಎಂದು ನನಗೆ ಅನ್ನಿಸಿತು.

ಕೆಟ್ಟದಾಗಿ ಹಾಡುವವರನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಿರಲಿಲ್ಲ. ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ನನ್ನನ್ನು ಬಾಯಿ ಮಾತ್ರ ಆಡಿಸು ಎಂದು ಹಿಂದಿನ ಸಾಲಿಗೆ ನಿಲ್ಲಿಸುತ್ತಿದ್ದರು. ನಮ್ಮ ಊರಿನಲ್ಲಿ ಅಂಥ ದನಿಯವರು ಬೆಳಿಗ್ಗೆ ಹಾಡುವುದಿರಲಿ, ಗುನುಗುವುದೂ ಇಲ್ಲ.

ಆ ವಾರ ಅಮವಾಸ್ಯೆ ಬಂತು, ಅವರಿಗೆ ಕೆಲಸ ಇರಲಿಲ್ಲ. ಓಣಿಯವರ ಜಳಕಗಳೆಲ್ಲ ಮುಗಿಯುವವರೆಗೆ ಕಾಯಿರಿ ಎಂದು ಅವರನ್ನು ತಡೆದೆ. ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಅವರು ಬಚ್ಚಲಿಗೆ ಹೋದರು. ನಾನು ಬಾಗಿಲ ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

"ಟೇಪ್ ಹಚ್ಚಂಗಿಲ್ಲ. ನಾ ಹಾಡ್ತೀನಿ" ಅಂದೆ.

ಒಳಗೆ ತಂಬಿಗೆ ಕೆಳಗಿಟ್ಟ ಸದ್ದಾಯಿತು. "ನೀನಾ?" ಅಂದರು.

"ಹೂಂ. ನೀರು ಹಾಕ್ಕೋರಿ."

ಅವ್ವ ಬೀಸುವಾಗ ಹಾಡುತ್ತಿದ್ದ ಪದ ಒಂದು ನನಗೆ ಅರ್ಧಂಬರ್ಧ ಗೊತ್ತಿತ್ತು. ತವರಿನ ಹಾದಿಯ ಮೇಲಿನದು. ಶುರುಮಾಡಿದ್ದು ಬಹಳ ಮೇಲಿನ ದನಿಯಾಯಿತು, ಎರಡನೆಯ ಸಾಲಿಗೇ ಉಸಿರು ಸಾಲಲಿಲ್ಲ. ಕೆಳಗಿಳಿಸಿದರೆ ಪದವೇ ಕೈತಪ್ಪಿತು. ಮರೆತ ಕಡೆ ಬಾಯಿಗೆ ಬಂದ ಮಾತು ಸೇರಿಸಿದೆ, ನಡುವೆ ಕೆಮ್ಮಿದೆ, ಮತ್ತೆ ಮೊದಲಿನಿಂದ ಹಿಡಿದೆ. ಒಳಗೆ ನೀರಿನ ಸದ್ದು ಒಮ್ಮೆ ನಿಂತಿತು. ನಾನೂ ನಿಂತೆ. ಆಮೇಲೆ ಒಂದು ತಂಬಿಗೆ ನೀರು ಬಿದ್ದ ಸದ್ದು ಕೇಳಿತು, ನಾನು ಮುಂದುವರಿಸಿದೆ.

ಅವರು ಹೊರಗೆ ಬಂದಾಗ ಮುಖದಲ್ಲಿ ಹೇಳುವಂಥದ್ದು ಏನೂ ಕಾಣಲಿಲ್ಲ. ಸ್ವಲ್ಪ ಗಲಿಬಿಲಿಯಾದಂತಿತ್ತು. ಅಂಗಿಯನ್ನು ತಿರುವುಮುರುವು ಹಾಕಿಕೊಂಡರು. ಚಹಾಕ್ಕೆ ಸಕ್ಕರೆ ಎಂದು ಉಪ್ಪಿನ ಡಬ್ಬಿಗೆ ಕೈ ಹಾಕಿದರು. ನಾನು ಹೇಳಿದಾಗ ನಕ್ಕರು, ನಗು ಬೇಕಾದ್ದಕ್ಕಿಂತ ಉದ್ದವಾಯಿತು. ದಾಡಿ ಮಾಡಿಸಿಕೊಂಡು ಬರುತ್ತೇನೆ ಎಂದು ಹೋದರು. ನನ್ನ ದನಿ ಅವರ ಮೈಯಲ್ಲಿ ಹೊಕ್ಕು ಊರಿನಲ್ಲಿ ತಿರುಗುತ್ತಿದೆಯಲ್ಲ ಎಂದು ನನಗೆ ನಾಚಿಕೆಯಾಯಿತು.

ಅಡಿಗೆ ಆಗುವ ಹೊತ್ತಿಗೆ ಹಡಪದ ಈರಪ್ಪ ಅವರ ತೋಳು ಹಿಡಿದುಕೊಂಡು ಬಂದ. ಯಮನೂರಪ್ಪನವರ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ಸಾಬೂನಿನ ನೊರೆ ಒಣಗಿತ್ತು. ಕೊರಳಿಗೆ ಅಂಗಡಿಯ ಟವೆಲ್ಲು ಹಾಗೆಯೇ ಇತ್ತು.

"ಅರ್ಧಾ ಆಗಿತ್ರಿ ಅಕ್ಕಾ, ಒಮ್ಮಿಗೇ ಅಳಾಕ ಹತ್ತಿದ್ರು" ಅಂದ ಈರಪ್ಪ. "ಕತ್ತಿ ಹಚ್ಚಾಕ ಆಗಲಿಲ್ಲ. ಅಂಗಡ್ಯಾಗ ಇದ್ದವ್ರನ್ನೆಲ್ಲ ಹೊರಗ ಕಳಿಸಿ ಬಾಗಲಾ ಮುಂದ ಮಾಡಿದ್ದೆ. ಅಳೂವಷ್ಟು ಅತ್ತಾರ. ಉಳದ ಅರ್ಧಾ ನಾಳೆ ಮಾಡ್ತೀನಿ." ಟವೆಲ್ಲನ್ನು ಬಿಟ್ಟು ಹೋದ.

ಅವರು ಮೆಟ್ಟಿಲ ಮೇಲೆ ಕೂತರು. ನಾನು ಒದ್ದೆ ಅರಿವೆಯಿಂದ ಕೆನ್ನೆಯ ನೊರೆ ಒರೆಸಿದೆ. ಒರೆಸುವಾಗ ನನ್ನ ಕೈ ಹಿಡಿದುಕೊಂಡರು.

"ಕಸ್ತೂರಿ, ಆ ದಿನಾ ಸಾರುವೆ ಏರೂ ಪಾಳಿ ನಂದಿತ್ತು."

ನಾನು ಅರಿವೆಯನ್ನು ಮೆಟ್ಟಿಲ ಮೇಲೆ ಇಟ್ಟೆ.

"ಮೊಣಕಾಲು ಹಿಡಕೊಂಡಿತ್ತು. ಮೂರ್ನಾಲ್ಕು ದಿನದಿಂದ ನೋಯ್ತಿತ್ತು, ನಿನಗ ಹೇಳಿರಲಿಲ್ಲ. ಅಂವ ನೋಡಿದ. ಮಾಮಾ, ನೀ ಕುಂದರು, ನಾ ಹತ್ತತೀನಿ ಅಂದ. ನಾ ಬ್ಯಾಡ ಅನಬೇಕಿತ್ತು. ಅನಲಿಲ್ಲ. ಕುಂತೆ. ಬೀಡಿ ಹಚ್ಚಿದೆ. ಅರ್ಧಾ ಅಂವಗ ಇಡಬೇಕಂತ ನಂದಿಸಿ ಇಟ್ಟೆ, ಅಷ್ಟರಾಗ ಬೊಂಬು ಲಟಕ್ ಅಂತು."

ಮುಂದಿನದನ್ನೂ ಹೇಳಿದರು. ಅವನು ಕಣ್ಣು ತೆರೆದೇ ಇದ್ದದ್ದು, ಏನೋ ಹೇಳಲು ಬಾಯಿ ಆಡಿಸಿದ್ದು, ಅದು ಏನೆಂದು ಕೇಳಿಸದೆ ಹೋದದ್ದು. ಹೇಳುವಾಗ ಅವರ ದನಿ ಎಲ್ಲೋ ಏರಿ, ಎಲ್ಲೋ ಇಳಿದು, ನಡುವೆ ಮುರಿದು ಮತ್ತೆ ಹತ್ತಿಕೊಳ್ಳುತ್ತಿತ್ತು. ನಾನು ಪೂರ್ತಿ ಕೇಳಿದೆ.

ಆ ದಿನ ನಾನು ಸುಮ್ಮನ ಜಳಕ ಮಾಡಿದವಳು. ನನ್ನನ್ನು ತಡೆಯಲು ಕೊಳಲಿರಲಿಲ್ಲ, ಜೋಗುಳವಿರಲಿಲ್ಲ. ಮೊದಲು ಬಂದದ್ದು ಸಿಟ್ಟು. ಇಷ್ಟು ದಿನ ಹೇಳಲಿಲ್ಲವಲ್ಲ ಎಂಬ ಸಿಟ್ಟು, ಅದರ ಹಿಂದೆ ಅದಕ್ಕಿಂತ ದೊಡ್ಡದು: ಅವನ ಬದಲು ನೀವು ಹತ್ತಿದ್ದರೆ ಎಂಬುದು. ಅದು ನಾಲಗೆಯ ತುದಿಗೆ ಬಂದು ನಿಂತಿತು. ನಾನು ಎದ್ದು ಅಂಗಳದ ತುದಿಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತೆ. ಆ ಮಾತನ್ನು ಮನಸ್ಸಿನಲ್ಲಿಯೇ ಪೂರ್ತಿಮಾಡಿ ನೋಡಿದೆ. ಲಗಮಣ್ಣ ಬದುಕಿದ್ದಾನೆ, ಯಮನೂರಪ್ಪ ಇಲ್ಲ. ಆ ಅಂಗಳದಲ್ಲಿಯೂ ನಾನು ಹೀಗೇ ಗೋಡೆಗೆ ಮುಖ ಮಾಡಿ ನಿಂತಿದ್ದೆ.

ತಿರುಗಿ ನೋಡಿದಾಗ ಅವರು ಅಲ್ಲಿಯೇ ಕೂತಿದ್ದರು. ಒಂದು ಕೆನ್ನೆ ಬೋಳು, ಒಂದು ಕೆನ್ನೆ ಬಿಳಿ ಕೂದಲು. ಬಲಗಾಲನ್ನು ಮಡಿಚದೆ ಮುಂದಕ್ಕೆ ಚಾಚಿ ಇಟ್ಟಿದ್ದರು. ವರ್ಷದಿಂದ ಹಾಗೆ ಇಡುತ್ತಿದ್ದರೇನೋ, ನಾನು ಗಮನಿಸಿರಲಿಲ್ಲ. ಅವರು ನನ್ನ ಮಾತಿಗಾಗಿ ಕಾಯುತ್ತಿದ್ದರು, ಎಂಥ ಮಾತು ಬಂದರೂ ತಲೆ ಒಡ್ಡಲು ತಯಾರಾದವರ ಹಾಗೆ.

ಹತ್ತಿರ ಹೋಗಿ ಅವರ ಪಕ್ಕದಲ್ಲಿ ಕೂತೆ.

"ಮೊಣಕಾಲು ಈಗ ಹೆಂಗೈತಿ?" ಎಂದು ಕೇಳಿದೆ.

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಕೈಯಿಂದ ಮೊಣಕಾಲನ್ನು ಮುಟ್ಟಿಕೊಂಡರು. "ಇನ್ನೂ ನೋಯತೈತಿ" ಅಂದರು.

ನಾನು ಎಣ್ಣೆ ಬಿಸಿ ಮಾಡಲು ಒಳಗೆ ಹೋದೆ.